ಸುನಂದಾ ಅವರ ಬಂದೂಕಿಗೊಂದು ಹಗುರ ಹಿಡಿ

ನನಗೆ ಬಂದೂಕು ಎಂದರೆ ಭಯ. ದೀಪಾವಳಿಯಲ್ಲಿ ಓರಗೆಯವರೆಲ್ಲ ಕೇಪಿನ ಪಿಸ್ತೂಲು ಹಿಡಿದು ಬೀದಿಯನ್ನೇ ಗೆಲ್ಲುತ್ತಿದ್ದಾಗ ನಾನು ಕಿವಿ ಮುಚ್ಚಿಕೊಂಡು ಸುರುಸುರುಬತ್ತಿಯ ಪಕ್ಷ ಸೇರಿದವನು. ಇಂಥ ನಾನು ಕಡಲಾಚೆಯ ಊರು ಕಾರ್ಲ್ಸ್‌ಬಾಡಿನ ಒಂದು ಗರಾಜಿನಲ್ಲಿ ಎಷ್ಟೋ ಶನಿವಾರಗಳನ್ನು ಬಂದೂಕಿನ ಸೇವೆಯಲ್ಲಿ ಕಳೆದೆ ಎಂದರೆ ನಮ್ಮ ಬಸವನಗುಡಿಯ ಬಂಧುಗಳು ನಂಬುವುದಿಲ್ಲ. ನಾನೂ ಒತ್ತಾಯಿಸುವುದಿಲ್ಲ.

ಬಂದೂಕು ನಮ್ಮ ಎದುರು ಮನೆಯ ಸುನಂದಾ ಅವರದು. ಬೆಳಗಾವಿಯವರು, ಹತ್ತಿರದ ಟೊರ್ರಿ ಪೈನ್ಸ್‌ನ ಲ್ಯಾಬೊಂದರಲ್ಲಿ ಕೆಲಸ. ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಹೊಡೆಯಲು ಕಲಿತವರು ಇಲ್ಲಿಗೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಅವರ ಸಣ್ಣ ರೈಫಲು ಒಂದು ಪ್ರಾಣಿಯನ್ನೂ ಕಂಡದ್ದಲ್ಲ. ಕಾಗದದ ಮೇಲಿನ ಕಪ್ಪು ವೃತ್ತವೊಂದೇ ಅದರ ವೈರಿ.

ಕೋವಿಡ್ ಸ್ವಲ್ಪ ತಗ್ಗಿದ ಮೇಲೆ ಅವರಿಗೆ ಎಡ ಎದೆಯ ಗಡ್ಡೆಗೆ ಆಪರೇಷನ್ ಆಯಿತು. ಕಾಯಿಲೆ ಹೋಯಿತು, ಆದರೆ ಎಡಗೈಯ ಬಲವನ್ನು ಜೊತೆಗೇ ಒಯ್ದಿತು. ನಿಂತು ಗುರಿ ಹಿಡಿಯುವವರಿಗೆ ರೈಫಲಿನ ಭಾರವೆಲ್ಲ ಬೀಳುವುದು ಎಡಗೈಯ ಮೇಲೆಯೇ. ಗುಣವಾದ ಮೇಲೆ ಮೊದಲ ಸಲ ಗುರಿ ಹೊಡೆಯುವ ರೇಂಜಿಗೆ ಹೋದಾಗ ಅವರು ಎತ್ತಿದ ಕೊಳವೆ ಮೆಲ್ಲಗೆ ನೆಲದ ಕಡೆ ಬಾಗಿತಂತೆ. ಮತ್ತೊಮ್ಮೆ ಎತ್ತಿದರು, ಮತ್ತೆ ಬಾಗಿತು. ರೈಫಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು.

"ಮಾರಿಬಿಡೋಣ ಬಿಡು ಅಂದೆ. ಅವತ್ತಿಂದ ನನ್ನ ಜೋಡಿ ಮಾತ ಬಿಟ್ಟಾಳ" ಎಂದು ಅವರ ಗಂಡ ಬಸವರಾಜ್ ನನ್ನೆದುರು ಅಳಲು ತೋಡಿಕೊಂಡರು. ಆ ಮೌನ ಮುಗಿದದ್ದು ಒಂದು ಪ್ರಕಟಣೆಯಿಂದ: ರೈಫಲಿನ ಮರದ ಭಾಗವನ್ನು ತೆಗೆದುಹಾಕಿ, ಕಾರ್ಬನ್ ಫೈಬರಿನದನ್ನು ಮನೆಯಲ್ಲೇ ಮಾಡುತ್ತೇನೆ.

ಆ ಮರದ ಭಾಗಕ್ಕೆ ಕನ್ನಡದಲ್ಲಿ 'ಹಿಡಿ' ಎನ್ನುತ್ತೇವೆ. ನಮ್ಮ ಭಾಷೆಯ ನ್ಯಾಯ ವಿಚಿತ್ರ. ಬೆರಳಲ್ಲಿ ಎಳೆಯುವ ಚೂರು ಕಬ್ಬಿಣಕ್ಕೆ 'ಕುದುರೆ' ಎಂಬ ರಾಜಪದವಿ. ಆ ಕುದುರೆಯನ್ನೂ ಕೊಳವೆಯನ್ನೂ ಹೊತ್ತು, ಹೆಗಲಿಗೆ ಒರಗಿ, ಕೆನ್ನೆಗೆ ತಾಗಿ ಇಡೀ ಸಂಸಾರ ತೂಗಿಸುವುದಕ್ಕೆ ಕೊಡಲಿಗೂ ಕುಡುಗೋಲಿಗೂ ಇರುವ ಹೆಸರೇ ಸಾಕು. ಕಾರ್ಬನ್ನಿನ ಕತೆಯೂ ಹಾಗೆಯೇ. ದೀಪದ ಕಾಡಿಗೆ, ಒಲೆಯ ಇದ್ದಿಲು, ಪೆನ್ಸಿಲಿನ ಕಡ್ಡಿ, ಉಂಗುರದ ವಜ್ರ ಎಲ್ಲವೂ ಅದೇ. ನೂಲಾಗಿ ನೇಯ್ದರೆ ವಿಮಾನದ ರೆಕ್ಕೆ.

"ಅಂಗಡ್ಯಾಗ ರೆಡಿ ಸಿಗತಾವಲ್ಲ" ಎಂದರು ಬಸವರಾಜ್.

"ಸಿಗತಾವ. ಆರಡಿ ಆಳಿಗೆ ಮಾಡಿರ್ತಾರ. ನನ್ನ ಹೆಗಲು ಎಲ್ಲೈತಿ, ಕೈ ಎಷ್ಟು ಮುಟ್ಟತೈತಿ ಅವರಿಗೇನು ಗೊತ್ತು" ಎಂದರು ಸುನಂದಾ.

ಅವರೇ ವಿಡಿಯೋಗಳನ್ನು ನೋಡಿ ಕಲಿತರು. ದೂರದ ಊರು ವೆಸ್ಟ್ ಕೊವಿನಾದ ಯಾರದೋ ವರ್ಕ್‌ಶಾಪಿನಲ್ಲಿ ಮಿಕ್ಕಿದ್ದ ಕಾರ್ಬನ್ ಬಟ್ಟೆ ತರಲು ನಾವು ಮೂವರೂ ಡ್ರೈವ್ ಮಾಡಿಕೊಂಡು ಹೋದೆವು. ಮಡಚಿದರೆ ನೂಲು ಮುರಿಯುತ್ತದೆಂದು ಸುನಂದಾ ಅದನ್ನು ರಟ್ಟಿನ ಕೊಳವೆಗೆ ಸುತ್ತಿ, ಇಳಕಲ್ ಸೀರೆಯ ಮರ್ಯಾದೆ ಕೊಟ್ಟು ಹಿಂದಿನ ಸೀಟಿನಲ್ಲಿ ತಂದರು. ನಾನು ಅದಕ್ಕೆ ಜಾಗ ಬಿಟ್ಟು ಮುದುಡಿ ಕುಳಿತಿದ್ದೆ.

ವಿಧಾನ ಕೇಳಲು ಸುಲಭ. ಗಟ್ಟಿ ಫೋಮಿನಲ್ಲಿ ಹಿಡಿಯ ಆಕಾರ ಕೆತ್ತಿ, ಮೇಲೆ ಬಟ್ಟೆ ಹೊದಿಸಿ, ಅಂಟು ಉಣಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪಂಪಿನಿಂದ ಗಾಳಿ ಹೀರಬೇಕು. ಬಟ್ಟೆ ಮೈಗೆ ಕಚ್ಚಿಕೊಂಡು ಕಲ್ಲಾಗುತ್ತದೆ. "ನಮ್ಮಜ್ಜಿ ಕೊಡದ ಮ್ಯಾಲೆ ಹಳೇ ಪೇಪರು, ಮೆಂತ್ಯದ ಹಿಟ್ಟು ಮೆತ್ತಿ ಬುಟ್ಟಿ ಮಾಡತಿದ್ಲು. ಇದೂ ಅದ ಐತಿ" ಎಂದು ಸುನಂದಾ ಹೇಳಿದಾಗ ನನಗೂ ಹುಮ್ಮಸ್ಸು ಬಂತು. ಅಂಟು ಕಲಸುವ ಕೆಲಸ ವಹಿಸಿಕೊಂಡೆ. ಎರಡು ದ್ರವ ಬೆರೆತರೆ ಬಿಸಿಯೇರುವ ಅಂಟು ಅದು, ಸ್ವಲ್ಪ ಸ್ವಲ್ಪವೇ ಕಲಸಬೇಕಿತ್ತು. ಒಳ್ಳೆಯ ಅಡುಗೆಯವನಂತೆ ಒಮ್ಮೆಲೇ ಕಲಸಿದೆ. ಅಂಟಿನ ಲೋಟ ಕೈಯಲ್ಲೇ ಕಾದು ಹೊಗೆಯಾಡತೊಡಗಿತು. ಅದನ್ನು ಅಂಗಳದ ಸಿಮೆಂಟಿನ ಮೇಲಿಟ್ಟು ದೂರ ನಿಂತೆ. ಸುನಂದಾ ನಕ್ಕು, "ನೀವು ಕೈ ಕೊಡ್ರಿ, ಬುದ್ಧಿ ಕೊಡಬ್ಯಾಡ್ರಿ" ಎಂದರು. ಅಂದಿನಿಂದ ಕತ್ತರಿ ಕೊಡುವುದು, ಮಾಸ್ಕ್ ಕೊಡುವುದು, ಇಷ್ಟೇ ನನ್ನ ಪಾತ್ರ.

ಮೊದಲ ಹಿಡಿ ಕೆಟ್ಟಿತು. ಸಮುದ್ರದ ತಂಪು ಮಂಜು ಗರಾಜಿನೊಳಕ್ಕೂ ಬಂದು ಅಂಟು ಸರಿಯಾಗಿ ಗಟ್ಟಿಯಾಗಲಿಲ್ಲ. ಕೆನ್ನೆ ತಾಗುವಲ್ಲಿ ಬಟ್ಟೆ ಸುಕ್ಕಾಗಿತ್ತು. ಆದರೂ ನಮ್ಮಿಬ್ಬರಿಗೆ ಅದು ಚೆನ್ನಾಗಿಯೇ ಕಂಡಿತು. ಸುನಂದಾ ಉಗುರಿನಿಂದ ತಟ್ಟುತ್ತಾ ಹೋದರು. ಒಂದು ಕಡೆ ಸದ್ದು ಮಂದವಾಯಿತು. ಅಲ್ಲಿಯೇ ಗರಗಸವಿಟ್ಟರು. ವಾರಗಟ್ಟಲೆ ಕೆತ್ತಿದ್ದನ್ನು ಅವರೇ ಕೊಯ್ಯುವುದನ್ನು ನೋಡಲಾರದೆ ಬಸವರಾಜ್ ಚಹಾ ಮಾಡಲು ಒಳಗೆ ಹೋದರು. ಸುನಂದಾ ಅವರ ಎಡಗೈ ನೋಯುತ್ತಿತ್ತು. ನಡುನಡುವೆ ಕುಳಿತು, ತೋಳು ನೀವಿಕೊಂಡು, ಮತ್ತೆ ಕೊಯ್ದರು. ಒಳಗೆ ಅಂಟು ತಾಗದೆ ಬಟ್ಟೆ ಒಣಗಿಕೊಂಡೇ ಇತ್ತು. "ನೋಡ್ರಿ, ಇಲ್ಲಿ ಉಪವಾಸ ಇತ್ತು" ಎಂದು ತೋರಿಸಿದ ಅವರ ಮುಖದಲ್ಲಿ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಆ ಮುಖಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಆಫೀಸಿನಲ್ಲಿ ಒಂದು ಪ್ರೋಗ್ರಾಂ ಕೆಟ್ಟರೆ ನಾವು ಮೊದಲು ಹುಡುಕುವುದು ಬೈಯಲು ಒಬ್ಬ ಮನುಷ್ಯನನ್ನು.

ಎರಡನೆಯದಕ್ಕೆ ಗರಾಜಿನಲ್ಲಿ ಹೀಟರ್ ಇಟ್ಟರು. ಚೀಲ ಬಿಡಿಸಿ, ನೀರು ಹಾಕಿ ಉಜ್ಜಿ ನುಣುಪು ಮಾಡಿ, ನನ್ನ ಕೈಗೆ ಕೊಟ್ಟರು. ಹಳೆಯ ಮರದ ಭಾರ ನೆನೆದು ಜೋರಾಗಿ ಎತ್ತಿದೆ. ಕೈ ತಲೆಯ ಮೇಲಕ್ಕೆ ಹಾರಿ, ಹಿಡಿ ಇನ್ನೇನು ಟ್ಯೂಬ್‌ಲೈಟಿಗೆ ತಾಗುವುದರಲ್ಲಿತ್ತು.

ರೇಂಜಿಗೆ ನಾನೂ ಹೋದೆ, ಕಿವಿಗೆ ಎರಡೆರಡು ರಕ್ಷಣೆ ಕಟ್ಟಿಕೊಂಡು. ಸುನಂದಾ ರೈಫಲು ಎತ್ತಿದರು. ಕೊಳವೆ ಬಾಗಲಿಲ್ಲ. ಬಸವರಾಜ್ ನನ್ನ ತೋಳು ಹಿಡಿದುಕೊಂಡದ್ದು ಅವರಿಗೇ ಗೊತ್ತಿರಲಿಲ್ಲ. ಆದರೆ ಗುಂಡುಗಳು ಕಾಗದದ ಮೇಲೆ ಅಲ್ಲೊಂದು ಇಲ್ಲೊಂದು ಚೆದುರಿದವು. ಹಗುರಾದ ಬಂದೂಕು ಉಸಿರಿಗೂ ಅಲುಗುತ್ತದಂತೆ. ಸುನಂದಾ ಕುಳಿತರು, ನೀರು ಕುಡಿದರು, ಮತ್ತೆ ನಿಂತರು. ಕಡೆಗೆ ಒಂದಷ್ಟು ರಂಧ್ರಗಳು ಕಪ್ಪು ವೃತ್ತದೊಳಗೆ ಒತ್ತೊತ್ತಾಗಿ ಮೂಡಿದವು. ಆ ಕಾಗದವನ್ನು ಬಸವರಾಜ್ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ತಿಂಗಳುಗಳು ಕಳೆದವು, ತೋಳಿಗೆ ಬಲ ಬಂತು. ಒಂದು ಶನಿವಾರ ನೋಡಿದರೆ ಸುನಂದಾ ಹಿಡಿಯ ಮುಂಭಾಗದೊಳಗೆ ಸೀಸದ ಚೂರು ಅಂಟಿಸುತ್ತಿದ್ದಾರೆ. ಬಸವರಾಜ್ ತಲೆ ಮೇಲೆ ಕೈಯಿಟ್ಟು ನಿಂತಿದ್ದರು. "ವರ್ಷಪೂರ್ತಿ ಹಗುರ ಮಾಡಿದ್ದು ಯಾಕ ಮತ್ತ?"

"ಎತ್ತಾಕ ಹಗುರ ಬೇಕಾಗಿತ್ತು. ಎತ್ತಿದ ಮ್ಯಾಲೆ ನಿಲ್ಲಾಕ ಭಾರ ಬೇಕಲ್ಲ" ಎಂದರು ಸುನಂದಾ, ಕಣ್ಣೆತ್ತದೆ.

ಸೀಸ ಸಾಲದೆ ಬಂದು, ತರುವ ಕೆಲಸ ನನಗೇ ಬಿತ್ತು. ಗಾಳ ಮುಳುಗಲೆಂದು ಕಟ್ಟುವ ಆ ಸೀಸ ಸಿಗುವುದು ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ. ಈರುಳ್ಳಿಗೂ ಹಿಂದುಮುಂದು ನೋಡುವ ಮನೆತನದ ನಾನು ಹುಳು, ಸಿಗಡಿಗಳ ನಡುವೆ ನಿಂತು ಸೀಸದ ಗುಂಡುಗಳನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದೆ. ಯಾವ ಮೀನಿಗೆ ಎಂದು ಅಂಗಡಿಯವನು ಕೇಳಿದ. ಇನ್ನೂ ತೀರ್ಮಾನಿಸಿಲ್ಲ ಎಂದು ಹೇಳಿ, ಕೊಂಚ ಭಾರವಾದದ್ದನ್ನೇ ಆರಿಸಿಕೊಂಡೆ.