ದೊಡ್ಡತ್ತೆಯ ಪುಡಿ ಮತ್ತು ನನ್ನ ದಾಕ್ಷಿಣ್ಯ

ನನ್ನ ಹೊಟ್ಟೆಯೊಳಗಿನ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂಬ ಉದ್ದನೆಯ ಹೆಸರಿದೆ ಎಂದು ತಿಳಿಯುವುದಕ್ಕೆ ಮುಂಚೆ ಅದನ್ನು ನಾವು ಬರೀ ಹೊಟ್ಟೆನೋವು ಎನ್ನುತ್ತಿದ್ದೆವು. ಗರ್ಭಕೋಶದ ಒಳಗಿರಬೇಕಾದ ಪದರದಂಥದ್ದು ಹೊರಗೂ ಅಲ್ಲಲ್ಲಿ ಬೆಳೆದು, ಮುಟ್ಟು ಬಂದಾಗಲೆಲ್ಲ ನೋಯುತ್ತದಂತೆ. ಆಗ ಇದೆಲ್ಲ ಯಾರಿಗೆ ಗೊತ್ತಿತ್ತು? ಸೊಂಟದಿಂದ ತೊಡೆಯವರೆಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಹೆಣ್ಣಾದ ಮೇಲೆ ಇದ್ದದ್ದೇ ಎಂದು ನಮ್ಮಮ್ಮ ಹೇಳಿಬಿಟ್ಟಿದ್ದರು. ನಾನೂ ಇದ್ದದ್ದೇ ಎಂದುಕೊಂಡು ಮದುವೆಯಾಗಿ ಮೈಸೂರಿನ ಲಕ್ಷ್ಮೀಪುರಂನ ಗಂಡನ ಮನೆಗೆ ಬಂದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ನಮ್ಮದು ಲಿಂಗ ಕಟ್ಟುವ ಮನೆತನ. ಮುಟ್ಟಾದವಳು ಮೂಲೆ ಹಿಡಿಯಬೇಕೆಂಬ ಕಟ್ಟಳೆ ನಮ್ಮಲ್ಲಿಲ್ಲ. ಮನೆಗೆ ಬಂದವರ ಮುಂದೆ ಮಾವನವರು "ನಮ್ಮಲ್ಲಿ ಆ ಸೂತಕ ಎಲ್ಲ ಇಲ್ಲ ಕಣ್ರೀ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಭಾಷಣ ಬಿಗಿದು ಸ್ಟೀಲ್ ಲೋಟ ಗೆದ್ದವಳು. ಪಕ್ಕದ ಮನೆಯ ಸೊಸೆಗೆ ಮಾತ್ರ ಈ ಭಾಗ್ಯವಿರಲಿಲ್ಲ. ಅವಳು ಮೂರು ದಿನ ಹಿತ್ತಿಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ವಾರಪತ್ರಿಕೆ ಓದುತ್ತ ಮಲಗಿರಬೇಕಿತ್ತು. ಅವಳ ಅತ್ತೆ ಊಟದ ತಟ್ಟೆ ತಂದು ಬಾಗಿಲಲ್ಲಿಡುತ್ತಿದ್ದರು. ನಾನು ಸೊಂಟಕ್ಕೆ ಟವೆಲ್ ಬಿಗಿದು ರೊಟ್ಟಿ ತಟ್ಟುತ್ತ ಅಡುಗೆಮನೆಯ ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದೆ. ಪ್ರಗತಿಪರ ಹೆಣ್ಣಿಗೆ ಅಂಥ ಹೊಟ್ಟೆಕಿಚ್ಚು ಬರಬಾರದು. ಬರುತ್ತಿತ್ತು.

ಇಂಗ್ಲಿಷ್ ಮಾತ್ರೆ ಉಷ್ಣ, ಮಕ್ಕಳಾಗುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರಿಂದ ನಾನು ಬೇರುನಾರಿನ ದಾರಿ ಹಿಡಿದೆ. ಬೆಳಿಗ್ಗೆ ಬರೀ ಹೊಟ್ಟೆಗೆ ಲೋಳೆಸರದ ತಿರುಳು ನುಂಗಿದೆ. ಊಟವಾದ ಮೇಲೆ ಅಶೋಕಾರಿಷ್ಟ ಕುಡಿದೆ. ಅದರ ವಾಸನೆಗೆ ಹೂಟಗಳ್ಳಿಯ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದವಳು ಒಂದು ಸಲ ಮೂಗು ಮುಚ್ಚಿಕೊಂಡು ಸೀಟು ಬದಲಾಯಿಸಿದಳು. ಕಾರ್ಖಾನೆಯ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ಗಿಡಮೂಲಿಕೆಯ ಕ್ಯಾಪ್ಸೂಲ್ ಡಬ್ಬಿ ಕೊಟ್ಟಳು. ಅದರ ಮೇಲೆ ನಗುತ್ತಿದ್ದ ಹೆಂಗಸಿನ ಚಿತ್ರವಿತ್ತು. ಅವಳಿಗೆ ಹೊಟ್ಟೆನೋವು ಬಂದೇ ಇಲ್ಲ ಎನ್ನುವುದು ಮುಖ ನೋಡಿದರೇ ತಿಳಿಯುತ್ತಿತ್ತು. ಒಂದೊಂದು ಔಷಧಿಗೂ ಒಂದೊಂದು ಪಥ್ಯ. ಒಂದಕ್ಕೆ ಹುಳಿ ಆಗದು, ಇನ್ನೊಂದಕ್ಕೆ ಬದನೆಕಾಯಿ, ಮತ್ತೊಂದಕ್ಕೆ ಹಾಲು. ಎಲ್ಲವನ್ನೂ ಒಟ್ಟಿಗೆ ಪಾಲಿಸಿದ ಒಂದು ತಿಂಗಳು ನಾನು ಅನ್ನಕ್ಕೆ ತುಪ್ಪ ಹಾಕಿಕೊಂಡೇ ಬದುಕಿದೆ. ನೋವು ಹಾಗೇ ಇತ್ತು, ನಾನು ದಪ್ಪಗಾದೆ.

ಕೊನೆಗೆ ದೊಡ್ಡತ್ತೆಯ ಪುಡಿ ಬಂತು. ದೊಡ್ಡತ್ತೆ ಎಂದರೆ ನಮ್ಮತ್ತೆಯ ಅಕ್ಕ, ಮೈಸೂರಿನಲ್ಲೇ ವಿಜಯನಗರದಲ್ಲಿದ್ದರು. ಬೇರುನಾರು ಮಾರುವ ಗ್ರಂಧಿಗೆ ಅಂಗಡಿಯಿಂದ ಅಶೋಕದ ಚಕ್ಕೆ, ಶತಾವರಿ ಬೇರು, ಇನ್ನೂ ಏನೇನೋ ತಂದು, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಹಾರ್ಲಿಕ್ಸ್ ಬಾಟಲಿ ತುಂಬಾ ಹಿಡಿದುಕೊಂಡು ಬಂದರು. ಕುಟ್ಟಿ ಕುಟ್ಟಿ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಇದನ್ನ ತಗೊ, ಹೋಗ್ಬುಡ್ತದೆ. ನಂಗೂ ಇದ್ರಿಂದಲೇ ಹೋಯ್ತು" ಅಂದರು.

ಮುಂದಿನ ಸಲ ಬಂದಾಗ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಕೇಳಿದರು. "ಎಂಗದೆ ಕಣಮ್ಮ ಈಗ?"

ಅವರ ಅಂಗೈ ನೋಡಿದೆ. "ಪರವಾಗಿಲ್ಲ ದೊಡ್ಡತ್ತೆ, ಗುಣ ಕಾಣ್ತಿದೆ" ಅಂದೆ.

ನಮ್ಮ ಮೈಸೂರಿನವರ ದಾಕ್ಷಿಣ್ಯ ಗೊತ್ತಲ್ಲ. ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಅನ್ನುತ್ತೇವೆ, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವೆ. ನನಗೂ ಇನ್ನೊಂದು ಬಾಟಲಿ ಬಂತು. ಅಷ್ಟೇ ಆಗಿದ್ದರೆ ಸರಿ, ಗುಣವಾದ ಸುದ್ದಿ ನನಗಿಂತ ಮುಂಚೆ ನೆಂಟರ ಮನೆಗಳಿಗೆಲ್ಲ ತಲುಪಿತು. ಮದುವೆಮನೆಗಳಲ್ಲಿ ಹೆಂಗಸರು ನನ್ನನ್ನು ತೋರಿಸಿ ದೊಡ್ಡತ್ತೆಯ ಹತ್ತಿರ ಪುಡಿ ಕೇಳತೊಡಗಿದರು. ವಾಸಿಯಾದವಳು ನರಳುವಂತಿಲ್ಲ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಮುಟ್ಟಿನ ದಿನಗಳಲ್ಲಿ ಹಾಸಿಗೆ ಹಿಡಿದರೆ ತಲೆನೋವು ಅನ್ನುತ್ತಿದ್ದೆ, ಹಲ್ಲುನೋವು ಅನ್ನುತ್ತಿದ್ದೆ. ನನ್ನ ಗಂಡ ಪಾಪ, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನನ್ನ ಗಟ್ಟಿಮುಟ್ಟಾದ ದವಡೆ ಹಲ್ಲೊಂದನ್ನು ತೋರಿಸಿಕೊಂಡು ಬಂದರು. ಹೀಗೆ ವರ್ಷಗಳು ಕಳೆದವು. ನೋವು ಜಾಸ್ತಿಯೇ ಆಯಿತು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಒಂದು ಭಾನುವಾರ ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದೆ. ಗೇಟು ಸದ್ದಾಯಿತು. ಹೊರಗೆ ದೊಡ್ಡತ್ತೆಯ ಧ್ವನಿ. ಚೀಲವನ್ನು ದಿಂಬಿನಡಿ ತುರುಕಿ, ಸೀರೆ ಸರಿಮಾಡಿಕೊಂಡು, ಕ್ಯಾಪ್ಸೂಲ್ ಡಬ್ಬಿಯ ಹೆಂಗಸಿನಂತೆ ನಗುತ್ತ ಹೊರಗೆ ಬಂದೆ. ದೊಡ್ಡತ್ತೆಯ ಜೊತೆ ಅವರ ಎದುರುಮನೆಯ ಹುಡುಗಿ ಬಂದಿದ್ದಳು, ಕಾಲೇಜಿಗೆ ಹೋಗುವವಳು. ಮುಖ ಬಿಳಿಚಿಕೊಂಡಿತ್ತು. ಕುರ್ಚಿಯ ಅಂಚಿನಲ್ಲಿ ಬಗ್ಗಿ ಕೂತು ಎರಡು ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಆ ಭಂಗಿಯಲ್ಲಿ ಅದೆಷ್ಟು ಸಲ ಕೂತಿದ್ದೆನೋ.

"ಇವ್ಳು ಪರೀಕ್ಷೆನೇ ಬುಟ್ಬುಟ್ಟವ್ಳೆ ಕಣಮ್ಮ. ಡಾಕ್ಟ್ರ ಹತ್ರ ಹೋಗ್ತೀನಿ ಅಂತಾಳೆ. ಅವ್ರಮ್ಮ ಬೇಡ ಅಂತಾರೆ. ನೀನೇ ಹೇಳು, ಪುಡಿಲಿ ಎಂಗೆ ಹೋಯ್ತು ಅಂತ" ಅಂದರು ದೊಡ್ಡತ್ತೆ. ಬ್ಯಾಗಿನಿಂದ ಹೊಸ ಬಾಟಲಿ ತೆಗೆದು ಟೀಪಾಯಿಯ ಮೇಲಿಟ್ಟರು.

ಹುಡುಗಿ ತಲೆಯೆತ್ತಿದಳು. "ಆಂಟಿ, ನಿಜವಾಗ್ಲೂ ಹೋಯ್ತಾ?"

ಪರವಾಗಿಲ್ಲ ಎನ್ನುವ ಮಾತು ಅಭ್ಯಾಸಬಲದಿಂದ ತುಟಿಯವರೆಗೆ ಬಂತು. ಅಷ್ಟರಲ್ಲಿ ಹೊಟ್ಟೆ ಹಿಂಡಿತು. ಟೀಪಾಯಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಇಲ್ಲಮ್ಮ, ಹೋಗಿಲ್ಲ. ಒಂದು ದಿನಾನೂ ಹೋಗಿರ್ಲಿಲ್ಲ. ಡಾಕ್ಟ್ರ ಹತ್ರ ಹೋಗು" ಅಂದೆ.

ದೊಡ್ಡತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಬೈಯಲಿಲ್ಲ. ಬಿಗಿಯಾಗಿಯೇ ಇದ್ದ ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ ಮೆಲ್ಲಗೆ ಅಂದರು. "ನಂಗೂ ಹೋಗಿರ್ಲಿಲ್ಲ ಕಣಮ್ಮ."

"ಮತ್ತೆ ಹೋಯ್ತು ಅಂದಿದ್ರಲ್ಲ, ದೊಡ್ಡತ್ತೆ?"

"ಪುಡಿ ಕುಟ್ಟಿ ಕೊಡ್ತಿದ್ದೋರು ನಮ್ಮತ್ತೆ. ಕಣ್ಣು ಬೇರೆ ಕಾಣ್ತಿರ್ಲಿಲ್ಲ ಅವ್ರಿಗೆ. ಹೋಗಿಲ್ಲ ಅಂತ ಎಂಗೆ ಹೇಳ್ಲಿ? ಆಮೇಲೆ ವಯಸ್ಸಾಯ್ತು, ಮುಟ್ಟು ನಿಂತ್ಕೊಂತು. ನೋವೂ ನಿಂತ್ಕೊಂತು. ಪುಡಿಯಿಂದಲೇ ಅಂತ ಎಲ್ರೂ ಅಂದ್ರು. ನಾನೂ ಅಂದೆ. ಅಂತಾ ಅಂತಾ ನಂಗೂ ಅಂಗೇ ಅನ್ನಿಸ್ಬುಡ್ತು."

ಹುಡುಗಿ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದಳು. ನನಗೆ ಮೊದಲು ನಗು ಬಂತು, ಬೆನ್ನಿಗೇ ಕೆಟ್ಟ ಕೋಪ ಬಂತು. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಕಣ್ಣು ಕಾಣದೆ ಬೇರು ಕುಟ್ಟಿದ ಆ ಮುದುಕಿಯ ಮೇಲೆಯೇ? ಸುಮ್ಮನೆ ಒಳಗೆ ಹೋಗಿ ದಿಂಬಿನಡಿಯ ಬಿಸಿನೀರಿನ ಚೀಲ ತಂದು ಹುಡುಗಿಯ ಕೈಗೆ ಕೊಟ್ಟೆ. ದೊಡ್ಡತ್ತೆ ಬಾಟಲಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡರು.

"ನಾಳೆ ಡಾಕ್ಟ್ರಮ್ಮನ ಹತ್ರ ಹೋಗಣ. ಇವ್ರಮ್ಮಂಗೆ ನಾನು ಹೇಳ್ತೀನಿ. ಮೂರು ಜನಾನೂ ಹೋಗಣ."

"ನಿಮಗ್ಯಾಕೆ ದೊಡ್ಡತ್ತೆ ಈಗ?"

"ಆ ನೋವು ಎಂಗಿತ್ತು ಅಂತ ನಾನು ಯಾರ್ಗೂ ಹೇಳೇ ಇಲ್ಲ ಕಣಮ್ಮ" ಅಂದರು. "ಯಾರೂ ಕೇಳ್ಲೂ ಇಲ್ಲ."

ಮಾರನೆಯ ದಿನ ಮೂವರೂ ಹೋದೆವು. ಸ್ಕ್ಯಾನು, ಹೊಟ್ಟೆಗೆ ತೂತು ಕೊರೆದು ನೋಡಿದ್ದು, ಆ ಉದ್ದನೆಯ ಹೆಸರು, ಎಲ್ಲ ಆಮೇಲೆ. ಅವತ್ತು ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು "ನಿಮ್ಮಲ್ಲಿ ಯಾರಿಗಮ್ಮ ನೋವು?" ಎಂದು ಕೇಳಿದಾಗ, ನಾನೂ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೊಡ್ಡತ್ತೆ ಕುರ್ಚಿ ಮುಂದಕ್ಕೆಳೆದುಕೊಂಡು, ಸೆರಗು ಹೊದ್ದು, ಮೊದಲು ಹೇಳತೊಡಗಿದರು.