ಹದಿನಾಲ್ಕು ಮಾರು ಹಗ್ಗ

ಹನುಮಂತಣ್ಣ, ಲಂಗರಿನ ಹಗ್ಗ ಕಡಿದವನು ನಾನೇ. ದೋಣಿ ಸೇತುವೆಯ ಕಂಬಕ್ಕೆ ಅಪ್ಪಳಿಸಿದ್ದು ನಿನ್ನ ತಪ್ಪಿನಿಂದಲ್ಲ. ಗೊತ್ತಿದ್ದೂ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಅದಕ್ಕೂ ಮೊದಲು ನಿನ್ನ ಬಾಯಿ ಮುಚ್ಚಿಸಿದ್ದೆ.

ಶಾಮನೂರಿನ ನಮ್ಮ ಹೊಲ ಲೇಔಟಾದ ಮೇಲೆ ನನಗೆ ಶೋಕಿ ಹತ್ತಿತು. ಭಾನುವಾರ ಮನೆಮಂದಿಯೆಲ್ಲ ತುಂಗಭದ್ರೆಯಲ್ಲಿ ಸುತ್ತಾಡಲೆಂದು ಮೋಟಾರು ದೋಣಿ ತಂದೆ. ನಡೆಸಲು ಹರಿಹರದ ನಿನ್ನನ್ನು ಕರೆದೆ. ಲಂಗರಿಗೆಂದು ಕರೂರಿನ ವೆಲ್ಡಿಂಗ್ ಶೆಡ್ಡಿನಲ್ಲಿ ದಪ್ಪನೆಯ ಕಬ್ಬಿಣದ ಗುಂಡು ಮಾಡಿಸಲು ಹೊರಟಾಗ ನೀನು ತಡೆದೆ.

"ಭಾರ ಅಲ್ಲ ಯಜಮಾನ್ರೆ, ಉಗುರು ಬೇಕು. ಮರಳು ಕಚ್ಚಬೇಕು. ನೀರು ಎರಡು ಮಾರು ಐತೆ ಅಂದ್ರೆ ಹಗ್ಗ ಹದಿನಾಲ್ಕು ಮಾರು ಇರ್ಲಿ, ತುದೀಗೆ ಒಂದಿಷ್ಟು ಸರಪಳಿ. ಹಗ್ಗ ಓರೆಯಾಗಿ ಎಳೀಬೇಕು. ನೆಟ್ಟಗೆ ಮ್ಯಾಲಕ್ಕೆ ಎಳದ್ರೆ ಕಿತ್ಕಂಡು ಬರ್ತೈತೆ."

ಪಕ್ಕದಲ್ಲಿ ನನ್ನ ಭಾವಮೈದ ಮುಸಿಮುಸಿ ನಗುತ್ತಿದ್ದ. ಸಂಬಳದವನಿಂದ ಪಾಠ — ಮೈ ಉರಿಯಿತು. ನೀನು ಹೇಳಿದ್ದನ್ನೇ ಕೊಂಡೆ, ನಿಜ. ಆದರೆ ನಾವು ಬಾವಿಯ ಜನ. ಆಳ ಅಳೆದು, ಕೈಹಿಡಿತಕ್ಕೆ ಎರಡು ಮಾರು ಸೇರಿಸಿದರೆ ಹಗ್ಗದ ಮಾತು ಮುಗಿಯಿತು. ಹೊಳೆಗೂ ಅದೇ ಸಾಕು ಎಂದುಕೊಂಡೆ — ಇಲ್ಲ, ಅದೂ ಪೂರ್ತಿ ನಿಜವಲ್ಲ. ನಿನ್ನ ಮಾತು ಸರಿ ಎಂದು ಒಳಗೊಳಗೇ ಗೊತ್ತಿತ್ತು. ಆದರೂ ಮರುದಿನ, ನೀನಿಲ್ಲದಾಗ, ಮಚ್ಚಿನಿಂದ ಹಗ್ಗವನ್ನು ನಾಲ್ಕು ಮಾರಿಗೆ ಕಡಿದೆ. ಉಳಿದದ್ದನ್ನು ಕಾರಿನ ಡಿಕ್ಕಿಗೆ ಎಸೆದೆ.

ಆ ಭಾನುವಾರ ಹೊಳೆ ಕೆಂಪಗೆ ತುಂಬಿ ಓಡುತ್ತಿತ್ತು. ನೀನು ಬ್ಯಾಡ ಅಂದೆ, ನಾನು ಹತ್ತಿದೆ. ನಡುನೀರಿನಲ್ಲಿ ಮೋಟಾರು ಕೆಟ್ಟು ನಿಂತಿತು. ನೀನು ಲಂಗರು ಎಸೆದೆ. ಹಗ್ಗ ಸರ್ರನೆ ಓಡಿ ಥಟ್ಟನೆ ಮುಗಿದುಹೋಯಿತು. ಉಗುರು ತಳ ಕಚ್ಚುವುದು, ಕಿತ್ತುಬರುವುದು, ಮತ್ತೆ ಕಚ್ಚುವುದು — ಆಮೇಲೆ ಕಂಬ. ಹಲಗೆ ಸೀಳಿತು. ನನ್ನ ಹೆಂಡತಿ ಗಿರಿಜೆಯ ಮೊಣಕೈ ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿ ನುಚ್ಚುನೂರಾಯಿತು. ನೀರಿಗೆ ಬಿದ್ದ ಅವಳನ್ನು ಕೂದಲು ಹಿಡಿದು ದಡಕ್ಕೆಳೆದವನು ನೀನು.

ಜನ ಸೇರಿದ್ದರು. ಏದುಸಿರು ಬಿಡುತ್ತ ನೀನು ಬಾಯಿ ತೆರೆದೆ: "ಯಜಮಾನ್ರೆ, ಹಗ್ಗ ಕಡ್ದದ್ದು ಯಾರ—"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ದೋಣಿಯ ಹುಟ್ಟು ಎತ್ತಿ ನಿನ್ನ ಎಡಗಿವಿಯ ಮೇಲೆ ಬೀಸಿದೆ. ಬಿದ್ದವನ ಪಕ್ಕೆಗೆ ಒದ್ದೆ. ನೀನು ಸುಮ್ಮನಾಗುವವರೆಗೂ ಒದ್ದೆ. ಹೆಂಡತಿಗೆ ಹೀಗಾದರೆ ಯಾವ ಗಂಡಸಿಗೆ ಸಿಟ್ಟು ಬರುವುದಿಲ್ಲ ಎಂದರು ಜನ. ಸಿಟ್ಟಲ್ಲ, ಹನುಮಂತಣ್ಣ. ನಿನ್ನ ಮಾತು ಮುಗಿಯಬಾರದಿತ್ತು, ಅಷ್ಟೇ. ನಿನ್ನ ರಕ್ತ ಮರಳಿಗಿಳಿಯುವಾಗ ಆ ಹತ್ತು ಮಾರು ಹಗ್ಗ ನನ್ನ ಕಾರಿನಲ್ಲೇ ಇತ್ತು.

ಲಂಗರು ಹಾಕಲು ಬಾರದವನೆಂದು ಹರಿಹರವೆಲ್ಲ ನಿನ್ನನ್ನು ಆಡಿಕೊಂಡಿತು. ಮತ್ತೆ ಯಾರೂ ದೋಣಿಗೆ ಕರೆಯಲಿಲ್ಲ. ಈಗ ನಿಟ್ಟುವಳ್ಳಿಯಲ್ಲಿ ಗೋದಾಮು ಕಾಯುತ್ತೀಯಂತೆ. ಗಿರಿಜೆಯ ಕೈ ಇಂದಿಗೂ ಮಡಚುವುದಿಲ್ಲ; ಅಂದಿನಿಂದ ಅವಳ ಜಡೆ ಹೆಣೆಯುವವನು ನಾನು. ನಿನ್ನೆ ಅವಳಿಗೆ ಎಲ್ಲ ಹೇಳಿದೆ. ಒಂದೇ ಕೈಯಲ್ಲಿ ಜಡೆ ಬಿಚ್ಚುತ್ತ ಅಂದಳು:

"ಇಷ್ಟು ವರ್ಸ ನಿಮ್ಮ ಕೈಲೇ ಜಡೆ ಹಾಕಿಸ್ಕಂಡೆನಲ್ರೀ..."

ಈ ಬೆಳಿಗ್ಗೆ ಅವಳು ಬಾಚಣಿಗೆ ಕೊಡಲಿಲ್ಲ. ಕೂದಲು ಬಿಟ್ಟುಕೊಂಡೇ ಕೂತಿದ್ದಾಳೆ.

ನಿನಗೆ ಎಡಗಿವಿ ಕೇಳಿಸುವುದಿಲ್ಲವೆಂದು ಗೋದಾಮಿನವರು ಹೇಳಿದರು. ನಾಳೆ ಬರುತ್ತೇನೆ. ನಿನ್ನ ಬಲಗಡೆಗೆ ನಿಂತು, ಅಲ್ಲಿರುವವರಿಗೆಲ್ಲ ಕೇಳುವಂತೆ ಹೇಳುತ್ತೇನೆ.