ಕಡೆಯವಳ ಪಾಲು

ಮೊನ್ನೆ ಸೊಸೆ ಪಾಯಸಕ್ಕೆಂದು ಒಣದ್ರಾಕ್ಷಿ ನೆನೆಹಾಕಿ ಮರೆತುಬಿಟ್ಟಿದ್ದಳು. ಮರುದಿನ ಮುಚ್ಚಳ ತೆಗೆದಾಗ ಆ ಹುಳಿಸಿಹಿ ವಾಸನೆ ಪಡಸಾಲೆಯವರೆಗೂ ಬಂತು. ಓದುತ್ತಿದ್ದ ಪೇಪರು ಕೆಳಗಿಟ್ಟೆ. ಗಂಟಿ ಆಯಿ ನೆನಪಾದಳು. ಅವಳು ನೆನಪಾದರೆ ನನಗೆ ಕಣ್ಣೀರು ಬರುವುದಿಲ್ಲ, ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲೂ ಆರದ ಸಿಟ್ಟು.

ಶಿಗ್ಗಾವಿಯಿಂದ ಹುಲಗೂರಿಗೆ ಹೋಗುವ ದಾರಿಯ ಒಂದು ಸಣ್ಣ ಊರು ನಮ್ಮದು. ಹದಿನೈದಿಪ್ಪತ್ತು ಕ್ರೈಸ್ತ ಮನೆಗಳು, ಹೆಂಚಿನ ಒಂದು ದೇವಾಲಯ, ಅದರ ಮುಂದಿನ ಬೇವಿನ ಮರಕ್ಕೆ ಕಟ್ಟಿದ ಗಂಟೆ. ಆ ಗಂಟೆ ಬಾರಿಸುವುದು, ಒಳಗೆ ಹೊರಗೆ ಕಸ ಹೊಡೆಯುವುದು ಆಯಿಯ ಕೆಲಸ. ಅಬಲೂರು ಕಡೆಯ ಯಾವುದೋ ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವಳು. ಗಂಡ, ಮಗ ಇಬ್ಬರೂ ಒಂದೇ ವಾರದಲ್ಲಿ ಕಾಲರಾಕ್ಕೆ ತುತ್ತಾದ ಮೇಲೆ ನಮ್ಮೂರಿಗೆ ಬಂದು, ಐವತ್ತು ದಾಟಿದ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು. ನಮ್ಮ ಸಭೆಗೆ ಎಲ್ಲರಿಗಿಂತ ಕಡೆಗೆ ಸೇರಿದವಳು ಅವಳೇ.

ನಮ್ಮದು ದೊಡ್ಡ ಮನೆತನ ಅನ್ನಿಸಿಕೊಂಡಿತ್ತು. ಅಜ್ಜ ಲಿಂಗಾಯತರ ಒಕ್ಕಲು ಮನೆಯಿಂದ ಕ್ರಿಸ್ತನ ಕಡೆಗೆ ಬಂದವನು. ಬರುವಾಗ ಹೊಲ ಬಿಟ್ಟ, ಮನೆ ಬಿಟ್ಟ, ಅಣ್ಣತಮ್ಮಂದಿರನ್ನು ಬಿಟ್ಟ. ಜಾತಿಯೊಂದನ್ನು ಮಾತ್ರ ಹೆಗಲ ಮೇಲೆ ಹೊತ್ತು ತಂದ. ಅದನ್ನು ಅಪ್ಪ ಜೋಪಾನವಾಗಿ ಕಾಯ್ದುಕೊಂಡು ಬಂದಿದ್ದ. ಅಪ್ಪ ನಮ್ಮ ಸಭೆಯ ಹಿರಿಯನಾಗಿದ್ದ.

ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿ ಕಡೆಯಿಂದ ಅಯ್ಯನವರು ಬರುತ್ತಿದ್ದರು. ನಮ್ಮಲ್ಲಿ ಪಾದ್ರಿಗಳಿಗೆ ಹಾಗೇ ಅನ್ನುವುದು. ಅವರು ಬಂದ ಭಾನುವಾರ ಕರ್ತನ ಭೋಜನ... ಒಂದು ಚೂರು ರೊಟ್ಟಿ, ಒಂದೇ ಬೆಳ್ಳಿ ಬಟ್ಟಲಿನಿಂದ ಎಲ್ಲರಿಗೂ ಒಂದೊಂದು ಗುಟುಕು ದ್ರಾಕ್ಷಾರಸ. ದ್ರಾಕ್ಷಾರಸವೆಂದರೆ ಒಣದ್ರಾಕ್ಷಿ ನೆನೆಸಿ ಹಿಂಡಿದ ನೀರು ಅಷ್ಟೇ. ಹಿಂದಿನ ದಿನ ಅವ್ವ ಹಿತ್ತಲಲ್ಲಿ ಕುಳಿತು ಹಿಂಡುವಾಗ, ಆಯಿ ಅಷ್ಟು ದೂರದಲ್ಲಿ ಕುಳಿತು ಬೂದಿ ಹಾಕಿ ಬಟ್ಟಲು ಬೆಳಗುತ್ತಿದ್ದಳು. ಮುಖ ಕಾಣುವಂತೆ ಬೆಳಗುತ್ತಿದ್ದಳು. ಅವಳು ಎದ್ದು ಹೋದ ಮೇಲೆ ಅವ್ವ ಅದನ್ನು ಮತ್ತೊಮ್ಮೆ ತೊಳೆಯುತ್ತಿದ್ದಳು. ಯಾಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಕುಡಿಯುವುದಕ್ಕೂ ಒಂದು ಸರದಿ ಇತ್ತು. ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮೊದಲು ನಮ್ಮ ಮನೆಯವರು, ಆಮೇಲೆ ನಮ್ಮಂಥ ಇನ್ನೆರಡು ಮನೆ, ಆಮೇಲೆ ನೇಕಾರರು, ಆಮೇಲೆ ಕೂಲಿಯವರು. ಎಲ್ಲರ ತುಟಿ ಮುಟ್ಟಿದ ಮೇಲೆ ಆಯಿ. ಅವಳ ಪಾಲಿಗೆ ತಳದ ಗಸಿ. ಒಮ್ಮೊಮ್ಮೆ ಅದೂ ಇರುತ್ತಿರಲಿಲ್ಲ, ಅಯ್ಯನವರು ಖಾಲಿ ಬಟ್ಟಲನ್ನೇ ಅವಳ ಬಾಯಿಗೆ ತಾಗಿಸುತ್ತಿದ್ದರು.

ಅವು ಎರಡನೇ ಮಹಾಯುದ್ಧದ ವರ್ಷಗಳು. ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ತತ್ವಾರ. ಅಂಥದರಲ್ಲಿ ಒಂದು ಭಾನುವಾರ ಅಯ್ಯನವರು ಬಹಳ ಚೆನ್ನಾಗಿ ಪ್ರಸಂಗ ಮಾಡಿದರು. ನಂಬಿದವರೆಲ್ಲ ದೇವರ ಮಕ್ಕಳು, ಮಕ್ಕಳಾದ ಮೇಲೆ ಬಾಧ್ಯಸ್ಥರು, ತಂದೆಯ ಆಸ್ತಿಯಲ್ಲಿ ಎಲ್ಲರಿಗೂ ಪಾಲುಂಟು, ಇದನ್ನು ದೇವರು ನಾವು ಹುಟ್ಟುವ ಮೊದಲೇ ಸಂಕಲ್ಪ ಮಾಡಿಟ್ಟಿದ್ದಾನೆ ಎಂದರು. ಎಲ್ಲರೂ ತಲೆದೂಗಿದೆವು. ಕೇಳಿದ್ದನ್ನು ನಿಜವೆಂದು ನಂಬಿದವಳು ಒಬ್ಬಳೇ.

ಭೋಜನಕ್ಕೆ ಕರೆದಾಗ ಅಪ್ಪ ಏಳುವ ಮೊದಲೇ ಆಯಿ ಬಾಗಿಲ ಬಳಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ಎಲ್ಲರ ನಡುವೆ ನಡೆದು ಹೋಗಿ ಮೇಜಿನ ಮುಂದೆ ಮೊಣಕಾಲೂರಿದಳು.

"ಏ, ಯಾಕ ಮುಂದ ಬಂದಿ? ನಿನ್ನ ಸರದಿ ಬಂದಾಗ ಕರೀತಾರ. ಹಿಂದಕ ಹೋಗು" ಎಂದ ಅಪ್ಪ.

"ಸರದಿ ನಂದ ಐತ್ರಿ, ಹಿರೇರ. ನಮ್ಮ ಕಡೆ ಮನಿ ಪಾಲು ಮಾಡೂವಾಗ ದೊಡ್ಡಾವ ಪಾಲು ಹಾಕ್ತಾನ, ಸಣ್ಣಾವ ಮೊದಲ ಎತ್ತಿಕೋತಾನ. ಈ ಮನಿಗೆ ಕಡೀಗೆ ಬಂದಾಕಿ, ಎಲ್ಲಾರಕಿಂತ ಸಣ್ಣಾಕಿ ನಾನ ಅಲ್ರಿ?"

ಒಕ್ಕಲು ಮಕ್ಕಳಿಗೆ ಯಾರಿಗೆ ಗೊತ್ತಿಲ್ಲ ಆ ಪದ್ಧತಿ! ಪಾಲು ಹಾಕುವ ಅಣ್ಣ ಒಳ್ಳೆಯದನ್ನು ತನಗೇ ಇಟ್ಟುಕೊಳ್ಳಬಾರದೆಂದು ಹಿಂದಿನವರು ಮಾಡಿದ ಏರ್ಪಾಡು ಅದು. ಹಿಂದಿನ ಸಾಲಿನಲ್ಲಿದ್ದ ನೇಕಾರರ ಮುದುಕನೊಬ್ಬ ಹೂಂಗುಟ್ಟಿಯೇ ಬಿಟ್ಟ. ಅಪ್ಪನ ಮುಖ ಕೆಂಪಾಯಿತು.

"ಯಾರ್ನ ಎಲ್ಲಿ ಇಡಬೇಕೋ ಅಲ್ಲಿ ಇಟ್ಟಾನ ದೇವರು. ಅದು ಆತನ ಸಂಕಲ್ಪ."

"ಹೌದ್ರಿ, ಆತನ ಸಂಕಲ್ಪನ. ನನ್ನ ಎಲ್ಲಾರಕಿಂತ ಕಡೀಗೆ ಕರದಾನ ಅಂದ್ರ ಮರತು ಕರದಿಲ್ರಿ."

ಅಯ್ಯನವರು ಬಟ್ಟಲು ಹಿಡಿದು ನಿಂತೇ ಇದ್ದರು. ಆಯಿಯನ್ನು ನೋಡಿದರು, ಅಪ್ಪನನ್ನು ನೋಡಿದರು. ಅರ್ಧ ಗಂಟೆಯ ಹಿಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ ಮನುಷ್ಯ ಬಟ್ಟಲನ್ನು ಅಪ್ಪನಿಗೇ ಕೊಟ್ಟರು. ಅಪ್ಪ ಕುಡಿದ. ಅವ್ವ ಕುಡಿದಳು. ನಾನೂ ಕುಡಿದೆ. ಮೊಣಕಾಲೂರಿದ್ದವಳನ್ನು ಸುತ್ತುಹಾಕಿ ಹೋಗಿ ಕುಡಿದೆವು.

ಹಿರಿಯರು ಸೇರಿ ತೀರ್ಮಾನ ಮಾಡಿದರು. ಸಭೆಯ ಮುಂದೆ ನಿಂತು ತಪ್ಪಾಯಿತು ಅನ್ನುವವರೆಗೆ ಅವಳಿಗೆ ಭೋಜನವಿಲ್ಲ. ಅವಳು ಅನ್ನಲಿಲ್ಲ. ಏನು ತಪ್ಪು ಮಾಡಿದ್ದಳೆಂದು ಅನ್ನಬೇಕು? ಎರಡು ವರ್ಷ ಗಂಟೆ ಬಾರಿಸಿದಳು, ಕಸ ಹೊಡೆದಳು, ಬಟ್ಟಲು ಬೆಳಗಿ ಕೊಟ್ಟಳು, ಬಾಗಿಲ ಬಳಿ ಕುಳಿತು ನಾವು ಕುಡಿಯುವುದನ್ನು ನೋಡಿದಳು. ಅವಳು ಬೆಳಗಿದ ಬಟ್ಟಲು ಮಾತ್ರ ನಮಗೆ ಬೇಕಿತ್ತು. ನಾಚಿಕೆಗೆಟ್ಟ ಜನ ನಾವು.

ಆಮೇಲೆ ಅವಳಿಗೆ ಜ್ವರ ಹಿಡಿಯಿತು. ಆದರೂ ದಿನಾ ಬೆಳಿಗ್ಗೆ ತೂರಾಡುತ್ತ ಬಂದು ಗಂಟೆ ಬಾರಿಸುತ್ತಿದ್ದಳು. ಅಯ್ಯನವರು ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ಆಗ ನನಗೆ ಹತ್ತೊಂಬತ್ತು. ಗಂಜಿಯನ್ನು ಅವಳು ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಯವ್ವಾ, ನನ್ನ ಪಾಲು ತಾ. ಮೊದಲ ಬ್ಯಾಡ, ಆಮ್ಯಾಲ ಬ್ಯಾಡ, ಇಲ್ಲೇ ಒಬ್ಬಾಕಿನ ಕುಡೀತೇನಿ. ನಾಳಿಗೆ ಅಂದ್ರ ನಾ ಇರಂಗಿಲ್ಲ."

ತರುತ್ತೇನೆಂದು ಮನೆಗೆ ಬಂದೆ. ಉಳಿದ ದ್ರಾಕ್ಷಾರಸ ನಮ್ಮ ಮನೆಯ ಕಪಾಟಿನಲ್ಲೇ ಇತ್ತು. ಅವ್ವ ಅಡುಗೆಯ ಗಡಿಬಿಡಿಯಲ್ಲಿ ಕಪಾಟಿನ ಕೀಲಿಕೈಯನ್ನು ನನಗೆ ಕೊಟ್ಟಿದ್ದಳು. ಅಪ್ಪ, ಅಯ್ಯನವರು ಊಟಕ್ಕೆ ಕುಳಿತಿದ್ದರು. ನಾನು ಅವರ ಮುಂದೆ ಹೋಗಿ ನಿಂತು ಆಯಿ ಕೇಳಿದ್ದನ್ನು ಹೇಳಿದೆ.

"ತಪ್ಪಾತು ಅಂದ್ಲೇನು?" ಅಪ್ಪ ಕೇಳಿದ.

"ಇಲ್ಲಪ್ಪ."

"ಹಂಗಾರ ಬ್ಯಾಡ."

ಅಯ್ಯನವರು ಏಳಲು ಹೋದರು. ಅಪ್ಪ, "ಕುಂದರ್ರಿ, ಊಟಾ ಮಾಡ್ರಿ" ಎಂದ. ಅವರು ಕುಳಿತರು. ಅವ್ವ ಅವರ ತಟ್ಟೆಗೆ ಹೋಳಿಗೆ ಬಡಿಸಿದಳು. ನಾನು ಒಳಗೆ ಹೋಗಿ ಅಳುತ್ತ ಕುಳಿತೆ. ತಿರುಗಿ ಅವಳ ಗುಡಿಸಲಿಗೆ ಹೋಗಲು ಮುಖವಿರಲಿಲ್ಲ. ಮರುದಿನ ಬೆಳಿಗ್ಗೆ ಗಂಟೆಯ ಸದ್ದು ಬರಲಿಲ್ಲ...

ಈಗ ನಮ್ಮ ದೇವಾಲಯದಲ್ಲಿ ಎಲ್ಲರಿಗೂ ಬೇರೆಬೇರೆ ಪುಟ್ಟ ಗಾಜಿನ ಲೋಟ. ಆರೋಗ್ಯಕ್ಕೆ ಒಳ್ಳೆಯದಂತೆ. ಗೋಡೆಯ ಮೇಲೆ ಅಪ್ಪನ ಫೋಟೋ, ಕೆಳಗೆ 'ನಂಬಿಗಸ್ತ ಸೇವಕ' ಎಂಬ ಬರಹ. ಹಳೆಯ ವಿಶ್ವಾಸಿಗಳ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ಹೊಸ ಅಯ್ಯನವರು ನನ್ನನ್ನು ಕೇಳಿದ್ದಾರೆ. ಅಪ್ಪನ ಬಗ್ಗೆ ಬರೆಯುತ್ತೇನೆಂದು ಅವರ ಎಣಿಕೆ. ಆಯಿಯ ಪಾಲನ್ನು ನಾವು ಹೇಗೆ ತಿಂದೆವೆಂದು ಬರೆದುಕೊಟ್ಟರೆ ಓದುತ್ತಾರೋ ಇಲ್ಲವೋ ಗೊತ್ತಿಲ್ಲ.

ಅಪ್ಪನ ಮೇಲೆ ಸಿಟ್ಟಿದೆ, ಆ ಅಯ್ಯನವರ ಮೇಲೆ ಸಿಟ್ಟಿದೆ. ಇಬ್ಬರೂ ಹೋದರು, ಜಗಳ ಕಾಯಲು ಯಾರೂ ಉಳಿದಿಲ್ಲ. ಆಯಿ ಹೋಗಿ ಇಷ್ಟು ವರ್ಷವಾಯಿತು, ಅವಳಂತೆ ನಂಬಿದ ಇನ್ನೊಬ್ಬರನ್ನು ನಾನು ನೋಡಲಿಲ್ಲ. ಉಳಿದವಳು ನಾನು. ಕಪಾಟಿನ ಕೀಲಿಕೈ ಆ ದಿನ ನನ್ನ ಸೊಂಟದಲ್ಲೇ ಇತ್ತು. ತಾ ಅಂದಿದ್ದಳು ಆಯಿ. ಅಪ್ಪನನ್ನು ಕೇಳು ಅಂದಿರಲಿಲ್ಲ.